ಗರಡಿಯಿಂದ ಅಂಕಣಕ್ಕೆ: ದಾವಣಗೆರೆ–ಹರಿಹರದ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುವ ಹುದ್ದೆಯ ಹಿನ್ನೆಲೆ

ಕಾಲೇಜಿನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡವನ್ನು ತಯಾರು ಮಾಡುವ ಕೆಲಸ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಒಂದು ದೊಡ್ಡ ಬಳಗದ ಪಾಲಿಗೆ ಹಂಚಿಹೋಗಿದ್ದು, ಅಲ್ಲಿ ಮುಖ್ಯ ತರಬೇತುದಾರರ ಕೈಕೆಳಗೆ ಹಲವು ಸಹಾಯಕ ತರಬೇತುದಾರರೂ ಅಂಗಸಾಧನೆಯ ಪರಿಣತರೂ ಗಾಯಗಳನ್ನು ನೋಡಿಕೊಳ್ಳುವವರೂ ಇರುತ್ತಾರೆ. ದಾವಣಗೆರೆ ನಗರದಲ್ಲಿಯೂ ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿ ತುಂಗಭದ್ರೆಯ ದಡದಲ್ಲಿರುವ ಹರಿಹರದಲ್ಲಿಯೂ ಪದವಿ ಕಾಲೇಜುಗಳು ಈ ಇಡೀ ಹೊರೆಯನ್ನು ಒಬ್ಬರ ಹೆಗಲಿಗೆ ಹಾಕಿವೆ. ಅವರೇ ದೈಹಿಕ ಶಿಕ್ಷಣ ನಿರ್ದೇಶಕರು, ವಿದ್ಯಾರ್ಥಿಗಳ ಬಾಯಲ್ಲಿ ‘ಪಿ.ಡಿ. ಸರ್’. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಅಥ್ಲೆಟಿಕ್ಸ್, ಬ್ಯಾಸ್ಕೆಟ್‌ಬಾಲ್ ಎಲ್ಲಕ್ಕೂ ಅವರೇ ದಿಕ್ಕು. ಈ ಭಾಗದಲ್ಲಿ ಬ್ಯಾಸ್ಕೆಟ್‌ಬಾಲ್ ಏಕೆ ಇಷ್ಟು ಬೆಳೆಯಿತು, ಏಕೆ ಇಷ್ಟಕ್ಕೇ ನಿಂತಿತು ಎಂದು ತಿಳಿಯಬೇಕಾದರೆ ಗೆದ್ದ ಕಪ್ಪುಗಳ ಲೆಕ್ಕಕ್ಕಿಂತ ಈ ಒಂದು ಹುದ್ದೆ ಹೇಗೆ ರೂಪುಗೊಂಡಿತೆಂಬುದನ್ನು ನೋಡುವುದೇ ಹೆಚ್ಚು ಫಲಕಾರಿ. ಏಕೆಂದರೆ ಆಟ ಕಲಿಸುವ ಹೊಣೆಯನ್ನು ಹೊತ್ತ ಈ ಹುದ್ದೆ ಹುಟ್ಟಿದ್ದು ಆಟ ಕಲಿಸುವುದಕ್ಕಾಗಿ ಅಲ್ಲ.

ಕಾಲೇಜುಗಳು ಬರುವುದಕ್ಕೆ ಬಹಳ ಮೊದಲೇ ಈ ಸೀಮೆಯಲ್ಲಿ ಮೈಯನ್ನು ಪಳಗಿಸುವ ವಿದ್ಯೆಗೆ ಗರಡಿಮನೆ ಎಂಬ ಸ್ವಂತ ಶಾಲೆ ಇತ್ತು. ತಗ್ಗಾದ ಬಾಗಿಲು, ಒಳಗೆ ಹನುಮಂತನ ಪಟ, ನಡುವೆ ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಗದೆಗಳು. ಆ ಮಣ್ಣಿಗೆ ಮಜ್ಜಿಗೆ, ನಿಂಬೆರಸ, ಎಣ್ಣೆ, ಅರಿಸಿನ ಸೇರಿಸಿ ಹದ ಮಾಡುವುದೇ ಹೊಸ ಹುಡುಗನಿಗೆ ಸಿಗುತ್ತಿದ್ದ ಮೊದಲ ಪಾಠ. ಅಲ್ಲಿನ ಗುರುವನ್ನು ಉಸ್ತಾದ್ ಎಂದೂ ಬಯಲುಸೀಮೆಯ ಆಡುಮಾತಿನಲ್ಲಿ ವಸ್ತಾದ್ ಎಂದೂ ಕರೆಯುತ್ತಿದ್ದರು. ಉಸ್ತಾದರು ಒಬ್ಬೊಬ್ಬ ಹುಡುಗನ ಮೈಕಟ್ಟು, ಊಟ, ನಿದ್ದೆ, ಉಸಿರುಗಳನ್ನು ಬಲ್ಲವರಾಗಿದ್ದು, ಯಾರಿಗೆ ಯಾವ ಪಟ್ಟು ಒಗ್ಗುತ್ತದೆ, ಜಾತ್ರೆಯ ಕುಸ್ತಿಯಲ್ಲಿ ಯಾರನ್ನು ಯಾರೊಡನೆ ಜೋಡಿ ಹಚ್ಚಬೇಕು ಎಂಬುದನ್ನು ತಾವೇ ತೀರ್ಮಾನಿಸುತ್ತಿದ್ದರು. ದಿನನಿತ್ಯದ ಕಲಿಕೆಯಲ್ಲಿ ಮಾತ್ರ ಅವರು ಒಂಟಿಯಾಗಿರಲಿಲ್ಲ. ನಾಲ್ಕಾರು ವರ್ಷ ಪಳಗಿದ ಹಿರಿಯ ಪೈಲ್ವಾನರು ಎಳೆಯರನ್ನು ಹಿಡಿದು ತಾಲೀಮು ಮಾಡಿಸುತ್ತಿದ್ದರು, ತಪ್ಪು ಹಿಡಿತವನ್ನು ಅಲ್ಲೇ ತಿದ್ದುತ್ತಿದ್ದರು, ಬಸ್ಕಿ ದಂಡೆಗಳ ಲೆಕ್ಕ ಇಡುತ್ತಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರೇ ಸಹಾಯಕ ತರಬೇತುದಾರರು. ದಾವಣಗೆರೆಯಲ್ಲಿ ಈ ಪರಂಪರೆ ಇನ್ನೂ ಜೀವಂತವಾಗಿದ್ದು, ದುರ್ಗಾಂಬಿಕಾ ದೇವಿಯ ಜಾತ್ರೆಯ ಬಯಲು ಕುಸ್ತಿಯಲ್ಲಿಯೂ ಸರ್ಕಾರಿ ಕ್ರೀಡಾ ವಸತಿ ನಿಲಯದ ಕುಸ್ತಿ ತರಬೇತಿಯಲ್ಲಿಯೂ ಅದು ಮುಂದುವರಿದಿದೆ. ಕಾಲೇಜು ಎಂಬ ಸಂಸ್ಥೆ ಕಟ್ಟಿಕೊಂಡಾಗ ಗರಡಿಯ ಈ ಏರ್ಪಾಟನ್ನು ತನ್ನೊಳಗೆ ಕರೆದುಕೊಳ್ಳಲಿಲ್ಲವೆಂಬುದು ಮುಂದಿನ ಬೆಳವಣಿಗೆಗಳನ್ನು ನೋಡುವಾಗ ನೆನಪಿನಲ್ಲಿರಬೇಕಾದ ಸಂಗತಿ.

ಕಾಲೇಜು ಕರೆದುಕೊಂಡದ್ದು ಬೇರೊಂದು ವಂಶದವರನ್ನು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ವೈ.ಎಂ.ಸಿ.ಎ., ಅಂದರೆ ಕ್ರೈಸ್ತ ಯುವಕರ ಸಂಘ, ನಡೆಸುತ್ತಿದ್ದ ತರಬೇತಿ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಜೇಮ್ಸ್ ನೈಸ್ಮಿತ್ ಅವರು 1891ರ ಡಿಸೆಂಬರಿನಲ್ಲಿ, ಚಳಿಗಾಲದಲ್ಲಿ ಒಳಾಂಗಣದೊಳಗೇ ಆಡಬಹುದಾದ ಆಟವೊಂದು ಬೇಕೆಂದು, ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿ 13 ನಿಯಮಗಳನ್ನು ಬರೆದು ಬ್ಯಾಸ್ಕೆಟ್‌ಬಾಲನ್ನು ರೂಪಿಸಿದರು. 1898ರಲ್ಲಿ ಕ್ಯಾನ್ಸಾಸ್ ವಿಶ್ವವಿದ್ಯಾಲಯ ಅವರನ್ನು ನೇಮಿಸಿಕೊಂಡದ್ದು ಪ್ರಾರ್ಥನಾ ಮಂದಿರದ ಮೇಲ್ವಿಚಾರಣೆಗೆ ಮತ್ತು ದೈಹಿಕ ಶಿಕ್ಷಣಕ್ಕೆ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡವನ್ನು ನೋಡಿಕೊಳ್ಳುವ ಹೊಣೆ ಆ ಕೆಲಸಗಳ ಜೊತೆಗೆ ಬಂದದ್ದು. ಆಟ ಆಡಿಸುವುದಕ್ಕೆ ಇರುವಂಥದ್ದು, ತರಬೇತಿ ಕೊಟ್ಟು ತಿದ್ದುವಂಥದ್ದೇನೂ ಅದರಲ್ಲಿಲ್ಲ ಎಂಬುದು ಅವರ ನಿಲುವಾಗಿತ್ತು. 1907ರವರೆಗೆ ಅವರ ತಂಡ 55 ಪಂದ್ಯಗಳನ್ನು ಗೆದ್ದು 60ರಲ್ಲಿ ಸೋತಿತು. ಅವರ ಬಳಿ ಆಡಿ ಅದೇ ಹುದ್ದೆಗೆ ಬಂದ ಫಾಗ್ ಅಲೆನ್ ಅವರು ತರಬೇತಿಯನ್ನೇ ಒಂದು ವೃತ್ತಿಯನ್ನಾಗಿ ಬೆಳೆಸಿ, 1927ರಲ್ಲಿ ತರಬೇತುದಾರರ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಹೀಗೆ ಆಟ ಹುಟ್ಟಿದ ನಾಡಿನಲ್ಲಿಯೂ ಕಾಲೇಜು ತಂಡದ ಮೊದಲ ಗುರು ಒಬ್ಬ ದೈಹಿಕ ಶಿಕ್ಷಣ ಬೋಧಕರೇ ಆಗಿದ್ದು, ಅಲ್ಲಿ ಒಂದೇ ತಲೆಮಾರಿನಲ್ಲಿ ತರಬೇತುದಾರರ ಹುದ್ದೆ ಬೋಧಕರ ಹುದ್ದೆಯಿಂದ ಬೇರೆಯಾಗಿ ನಿಂತಿತು. ದಾವಣಗೆರೆಯ ಕಾಲೇಜುಗಳಲ್ಲಿ ಆ ಬೇರ್ಪಡಿಕೆ ಇಂದಿಗೂ ಆಗಿಲ್ಲ.

ಭಾರತಕ್ಕೆ ಈ ಆಟವನ್ನು 1894ರಲ್ಲಿ ಕಲ್ಕತ್ತೆಗೆ ತಂದವರೂ ವೈ.ಎಂ.ಸಿ.ಎ.ಯ ಡಂಕನ್ ಪ್ಯಾಟನ್ ಎಂಬವರೇ. ದಕ್ಷಿಣ ಭಾರತದ ಮಟ್ಟಿಗೆ ಹೆಚ್ಚು ಮಹತ್ವದ ವರ್ಷ 1920. ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಓದಿದ್ದ ಹ್ಯಾರಿ ಕ್ರೋ ಬಕ್ ಅವರು ಆ ವರ್ಷ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ಏಷ್ಯಾದಲ್ಲಿಯೇ ಮೊದಲನೆಯದೆಂದು ಹೆಸರಾದ ಈ ಕಾಲೇಜು ಶಾಲೆ ಕಾಲೇಜುಗಳಿಗೆ ಬೇಕಾದ ವ್ಯಾಯಾಮ ಶಿಕ್ಷಕರನ್ನು ತಯಾರು ಮಾಡಿತು. ಅಂಗರಚನಾ ಶಾಸ್ತ್ರ, ಆರೋಗ್ಯ, ಸಾಲುಗಟ್ಟಿದ ಕವಾಯತು, ಆಟೋಟಗಳ ವ್ಯವಸ್ಥೆ, ತೀರ್ಪುಗಾರಿಕೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಲ್ಲ, ಒಂದು ಸಂಸ್ಥೆಯ ಎಲ್ಲ ವಿದ್ಯಾರ್ಥಿಗಳ ಮೈಯನ್ನೂ ಚುರುಕಾಗಿ ಇಡಬಲ್ಲ ವ್ಯಕ್ತಿ ಬಕ್ ಅವರ ಆದರ್ಶವಾಗಿದ್ದರು. ಆಯ್ದ 12 ಮಂದಿಯನ್ನು ಗೆಲ್ಲಿಸುವುದು ಆ ಆದರ್ಶದ ಗುರಿಯಾಗಿರಲಿಲ್ಲ. ಬಕ್ ಅವರ ಕಾಲೇಜಿನಿಂದ ಹೊರಟವರೂ ಅವರಿಂದ ಕಲಿತವರೂ ದಕ್ಷಿಣದ ಸಂಸ್ಥೆಗಳಲ್ಲೆಲ್ಲ ಹರಡಿದಂತೆ ಬ್ಯಾಸ್ಕೆಟ್‌ಬಾಲಿನ ಬುಟ್ಟಿಯೂ ಅವರೊಂದಿಗೆ ಹೋಯಿತು, ಆಟದ ಬಗೆಗಿನ ಅವರ ಈ ಉದಾರ ಕಲ್ಪನೆಯೂ ಹೋಯಿತು. ಈ ಕಲ್ಪನೆಯ ಘನತೆಯನ್ನು ಕಡೆಗಣಿಸಬಾರದು. ಆಟಕ್ಕೆ ಆಯ್ಕೆಯಾಗದ ನೂರಾರು ಹುಡುಗರನ್ನೂ ಮೈದಾನಕ್ಕೆ ಕರೆತಂದದ್ದು ಅದೇ.

ಹರಿಹರದ ನೆಲೆ ಇಲ್ಲಿ ವಿಶೇಷವಾದುದು. 1956ರ ಏಕೀಕರಣದವರೆಗೆ ಅದು ಮೈಸೂರು ಸೀಮೆಯ ಗಡಿಯ ಊರಾಗಿದ್ದು, ಹೊಳೆಯ ಆಚೆ ದಡದಲ್ಲಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ ಶುರುವಾಗುತ್ತಿತ್ತು. ಈಚೆಯ ಕಾಲೇಜುಗಳು 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದರೆ, ಆಚೆಯವು ಮೊದಲು ಮುಂಬಯಿಯನ್ನೂ 1949ರ ನಂತರ ಕರ್ನಾಟಕ ವಿಶ್ವವಿದ್ಯಾಲಯವನ್ನೂ ನೋಡುತ್ತಿದ್ದವು. ವ್ಯಾಯಾಮ ಶಿಕ್ಷಕರನ್ನು ತಯಾರು ಮಾಡಲು ಮುಂಬಯಿ ಸರ್ಕಾರ 1938ರಲ್ಲಿ ಕಾಂದಿವಲಿಯಲ್ಲಿ ಬೇರೆಯದೇ ಸಂಸ್ಥೆಯನ್ನು ತೆರೆದಿತ್ತು. ಮೈಸೂರು ಸೀಮೆಗೆ ಹತ್ತಿರವಾದದ್ದು ಮದರಾಸು. ಹೀಗಾಗಿ ಒಂದು ಸೇತುವೆಯ ಎರಡು ತುದಿಗಳಲ್ಲಿ ಮಲ್ಲಯುದ್ಧದ ಅಭಿರುಚಿ ಒಂದೇ ಆಗಿದ್ದರೂ, ಕಾಲೇಜು ಆಟದ ಆಡಳಿತ ಎರಡು ದಿಕ್ಕಿಗೆ ಮುಖ ಮಾಡಿತ್ತು. ಆಚೆ ದಡದ ಕಡೆಯ ರಾಣೆಬೆನ್ನೂರಿನ ಪದವಿ ವಿದ್ಯಾರ್ಥಿಗಳೂ ಹರಿಹರದ ಪದವಿ ವಿದ್ಯಾರ್ಥಿಗಳೂ ಒಂದೇ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವ ಅವಕಾಶ ರಾಜ್ಯ ಒಂದಾದ ಮೇಲೂ ಒದಗಲಿಲ್ಲ.

ಸ್ವಾತಂತ್ರ್ಯಾನಂತರ ದಾವಣಗೆರೆ ಹತ್ತಿ ಗಿರಣಿಗಳ ಊರಾಗಿ, ಹರಿಹರ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣ ಕಾರ್ಖಾನೆಯ ಊರಾಗಿ ಬೆಳೆಯುತ್ತಿದ್ದಂತೆ, ವರ್ತಕರ ದಾನಗಳಿಂದಲೂ ಮಠಗಳ ಆಶ್ರಯದಿಂದಲೂ ಶಿಕ್ಷಣ ಸಂಸ್ಥೆಗಳು ಎದ್ದವು. 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿದವು. ಕಾಲೇಜಿಗೊಂದು ಮೈದಾನ, ಮೈದಾನಕ್ಕೊಬ್ಬ ದೈಹಿಕ ಶಿಕ್ಷಣ ಬೋಧಕ ಎಂಬುದು ಮಾನ್ಯತೆಯ ಷರತ್ತುಗಳ ಜೊತೆಗೆ ಬಂದ ವಾಡಿಕೆ. 1948ರಲ್ಲಿ ಎನ್.ಸಿ.ಸಿ. ಸ್ಥಾಪನೆಯಾದ ಮೇಲೆ ಶಿಸ್ತು ಎಂದರೆ ಕವಾಯತು ಎಂಬ ಭಾವನೆ ಇನ್ನಷ್ಟು ಗಟ್ಟಿಯಾಗಿ, ಮೈದಾನದ ಮೇಷ್ಟ್ರು ಎಂದರೆ ಸೀಟಿ ಊದುವವರು, ಸಾಲು ನಿಲ್ಲಿಸುವವರು, ಸ್ವಾತಂತ್ರ್ಯ ದಿನದ ಪಥಸಂಚಲನ ನಡೆಸುವವರು ಎಂದೇ ಆಡಳಿತ ಮಂಡಳಿಗಳು ತಿಳಿದವು. ಆ ಕಾಲದ ಕಾಲೇಜು ವಾರ್ಷಿಕ ಸಂಚಿಕೆಗಳ ತಂಡದ ಚಿತ್ರಗಳಲ್ಲಿ ಈ ಸ್ಥಾನಮಾನ ಕಣ್ಣಿಗೆ ಕಟ್ಟುವಂತಿರುತ್ತದೆ: ಮುಂದಿನ ಸಾಲಿನ ಕುರ್ಚಿಗಳ ನಡುವೆ ಪ್ರಾಂಶುಪಾಲರು, ಅವರ ಪಕ್ಕದಲ್ಲಿ ತಂಡದ ನಾಯಕ ಹಾಗೂ ವ್ಯಾಯಾಮ ಬೋಧಕರು, ಹಿಂದೆ ಕೈಕಟ್ಟಿ ನಿಂತ ಆಟಗಾರರು. ಅದೇ ಬೋಧಕರು ಅದೇ ಸಂಚಿಕೆಯ ಹಾಕಿ ಚಿತ್ರದಲ್ಲಿಯೂ ವಾಲಿಬಾಲ್ ಚಿತ್ರದಲ್ಲಿಯೂ ಕುಳಿತಿರುತ್ತಾರೆ.

ಇದೇ ದಶಕಗಳಲ್ಲಿ ದೇಶದ ಮಟ್ಟದಲ್ಲಿ ತರಬೇತುದಾರ ಎಂಬ ವೃತ್ತಿ ಪ್ರತ್ಯೇಕವಾಗಿ ರೂಪುಗೊಳ್ಳುತ್ತಿತ್ತು. ಮೊದಲ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ 1934ರಲ್ಲಿ ನವದೆಹಲಿಯಲ್ಲಿ ನಡೆದಿತ್ತು, ಭಾರತೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ 1950ರಲ್ಲಿ ಸ್ಥಾಪನೆಯಾಗಿತ್ತು. 1953ರ ರಾಜಕುಮಾರಿ ಅಮೃತ್ ಕೌರ್ ತರಬೇತಿ ಯೋಜನೆಯ ನಂತರ 1961ರಲ್ಲಿ ಪಟಿಯಾಲಾದ ಮೋತಿಬಾಗ್ ಅರಮನೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಯಿತು. ಕನ್ನಡದ ಕ್ರೀಡಾವಲಯದಲ್ಲಿ ಇಂದಿಗೂ ‘ಎನ್.ಐ.ಎಸ್. ಮಾಡಿದವರು’ ಎಂದರೆ ಅಲ್ಲಿ ಒಂದೇ ಆಟವನ್ನು ಆಳವಾಗಿ ಕಲಿತು ಡಿಪ್ಲೊಮಾ ಪಡೆದ ತರಬೇತುದಾರರು ಎಂದೇ ಅರ್ಥ. ಇತ್ತ 1957ರಲ್ಲಿ ಗ್ವಾಲಿಯರ್‌ನಲ್ಲಿ ಆರಂಭವಾದ ಲಕ್ಷ್ಮೀಬಾಯಿ ಕಾಲೇಜು ದೈಹಿಕ ಶಿಕ್ಷಣಕ್ಕೆ ಪೂರ್ಣ ಪ್ರಮಾಣದ ಪದವಿಯ ದಾರಿಯನ್ನು ತೆರೆಯಿತು. ಹೀಗೆ ಎರಡು ದಾರಿಗಳು ಕವಲೊಡೆದವು. ಗ್ವಾಲಿಯರ್ ಮಾದರಿಯ ಪದವಿ ಪಡೆದವರಿಗೆ ಕಾಲೇಜಿನ ಹುದ್ದೆ ದೊರೆಯಿತು. ಪಟಿಯಾಲಾದ ಡಿಪ್ಲೊಮಾ ಪಡೆದವರು ಸರ್ಕಾರದ ಕ್ರೀಡಾ ಇಲಾಖೆಗೂ 1984ರಲ್ಲಿ ಸ್ಥಾಪನೆಯಾದ ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೂ ಕ್ರೀಡಾ ವಸತಿ ನಿಲಯಗಳಿಗೂ ಹೋದರು. ಆಟವನ್ನು ಆಳವಾಗಿ ಬಲ್ಲವರಿಗೆ ಕಾಲೇಜಿನಲ್ಲಿ ಹುದ್ದೆಯಿಲ್ಲ, ಕಾಲೇಜಿನಲ್ಲಿ ಹುದ್ದೆಯಿದ್ದವರಿಗೆ ಒಂದೇ ಆಟದ ಮೇಲೆ ನಿಲ್ಲಲು ಬಿಡುವಿಲ್ಲ ಎಂಬ ಪರಿಸ್ಥಿತಿ ಹೀಗೆ ನೆಲೆಯೂರಿತು. ಜಿಲ್ಲಾ ಕೇಂದ್ರಗಳ ಕಾಲೇಜು ಬ್ಯಾಸ್ಕೆಟ್‌ಬಾಲಿಗೆ ಇಷ್ಟು ನಷ್ಟ ತಂದ ಬೆಳವಣಿಗೆ ಇನ್ನೊಂದಿಲ್ಲ.

ಎಲ್ಲವನ್ನೂ ಒಬ್ಬರೇ ಹೊತ್ತ ನಿರ್ದೇಶಕರ ಒಂಟಿತನದ ಭಾರ ಪಂದ್ಯದ ದಿನ ಹೆಚ್ಚು ಸ್ಪಷ್ಟವಾಗುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ, ನೆಲದಿಂದ 3.05 ಮೀಟರ್ ಎತ್ತರದಲ್ಲಿ ಬಳೆ. ತಂಡದಲ್ಲಿ 12 ಮಂದಿ, ಅಂಕಣದಲ್ಲಿ ಐವರು. ಪಂದ್ಯಕ್ಕೆ ಮೊದಲು ಆಟಗಾರರ ಪಟ್ಟಿಯನ್ನು ತರಬೇತುದಾರರು ಅಂಕಪಟ್ಟಿ ಬರೆಯುವವರಿಗೆ ಒಪ್ಪಿಸಬೇಕು, ಆರಂಭಕ್ಕೆ 10 ನಿಮಿಷ ಇರುವಾಗ ಹೆಸರುಗಳನ್ನು ಖಚಿತಪಡಿಸಿ ಮೊದಲು ಇಳಿಯುವ ಐವರನ್ನು ಗುರುತಿಸಬೇಕು. ಆಟವನ್ನು ಒಂದು ನಿಮಿಷ ನಿಲ್ಲಿಸಿ ಸಲಹೆ ಕೊಡುವ ಅವಕಾಶಕ್ಕೆ ‘ಟೈಮ್‌ಔಟ್’ ಎನ್ನುತ್ತಾರೆ. ಮೊದಲರ್ಧದಲ್ಲಿ ಎರಡು, ಎರಡನೆಯ ಅರ್ಧದಲ್ಲಿ ಮೂರು ಸಿಗುತ್ತವೆ, ಅವನ್ನು ಕೇಳುವ ಹಕ್ಕು ಮುಖ್ಯ ತರಬೇತುದಾರರಿಗೆ ಅಥವಾ ಮೊದಲ ಸಹಾಯಕರಿಗೆ ಮಾತ್ರ. ಅಂದರೆ ಬೆಂಚಿನ ಮೇಲೆ ಇಬ್ಬರು ಬಲ್ಲವರು ಇರುತ್ತಾರೆಂದು ನಿಯಮಾವಳಿಯೇ ಎಣಿಸುತ್ತದೆ: ಒಬ್ಬರು ಆಟದ ಓಟವನ್ನು ನೋಡಿದರೆ ಇನ್ನೊಬ್ಬರು ಯಾರ ಮೇಲೆ ಎಷ್ಟು ಫೌಲುಗಳಾದವು, ಎಷ್ಟು ಟೈಮ್‌ಔಟ್ ಉಳಿದವು ಎಂದು ಲೆಕ್ಕ ಇಡಬೇಕು. ಅಂತರ ಕಾಲೇಜು ಪಂದ್ಯಾವಳಿಗೆ ತಂಡದೊಂದಿಗೆ ಬಂದ ನಿರ್ದೇಶಕರು ಇವೆರಡನ್ನೂ ತಾವೇ ಮಾಡುತ್ತ, ಜೊತೆಗೆ ವ್ಯವಸ್ಥಾಪಕರಾಗಿ ವಿದ್ಯಾರ್ಥಿಗಳ ಅರ್ಹತಾ ಪತ್ರಗಳನ್ನೂ ಪ್ರಯಾಣ ಭತ್ಯೆಯ ರಸೀದಿಗಳನ್ನೂ ಜೋಪಾನ ಮಾಡುತ್ತಾರೆ, ಕಾಲು ಉಳುಕಿದವನಿಗೆ ಮಂಜುಗಡ್ಡೆ ಒತ್ತುತ್ತಾರೆ, ತಮ್ಮ ಕಾಲೇಜೇ ಆತಿಥೇಯವಾಗಿದ್ದರೆ ಊಟದ ಕೂಪನ್ನು ಹಂಚುವುದರಿಂದ ಹಿಡಿದು ಬಹುಮಾನ ವಿತರಣೆಯ ವೇದಿಕೆಯವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ತರಬೇತುದಾರರೇ ಇಲ್ಲದಿದ್ದರೆ ತಂಡದ ನಾಯಕನೇ ಆಟಗಾರನೂ ತರಬೇತುದಾರನೂ ಆಗತಕ್ಕದ್ದು ಎಂದು ಅದೇ ನಿಯಮಾವಳಿ ಹೇಳುತ್ತದೆ. ನಿರ್ದೇಶಕರು ಅದೇ ಹೊತ್ತಿಗೆ ಬೇರೊಂದು ಊರಿನಲ್ಲಿ ಕಬಡ್ಡಿ ತಂಡದೊಂದಿಗಿರುವ ಕಾಲೇಜುಗಳಿಗೆ ಈ ವಿಧಿ ಬಹಳ ಉಪಕಾರಿ.

ಕಲಿಸುವ ಕೆಲಸದ ಕಷ್ಟವೂ ಕಡಿಮೆಯದಲ್ಲ. ಜಗಳೂರು, ಚನ್ನಗಿರಿ, ಹೊನ್ನಾಳಿ, ಮಲೇಬೆನ್ನೂರುಗಳ ಕಡೆಯಿಂದ ಬಸ್ಸಿನಲ್ಲಿ ಬರುವ ಪದವಿ ವಿದ್ಯಾರ್ಥಿಗಳು ಹಳ್ಳಿಯ ಪ್ರೌಢಶಾಲೆಗಳಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಆಡಿ ಬಂದವರು. ಗಟ್ಟಿ ನೆಲ, ಹಲಗೆ, ಬಳೆ ಬೇಕಾದ ಬ್ಯಾಸ್ಕೆಟ್‌ಬಾಲನ್ನು ಅವರಲ್ಲಿ ಬಹುಮಂದಿ ಮುಟ್ಟುವುದು 17–18ರ ವಯಸ್ಸಿನಲ್ಲಿ. ಆದ್ದರಿಂದ ನಿರ್ದೇಶಕರ ಮೊದಲ ಕೆಲಸವೇ ಬೇರೆ ಆಟಗಳಿಂದ ಜನರನ್ನು ಆರಿಸುವುದು: ನೆಗೆದು ಹೊಡೆಯುವ ವಾಲಿಬಾಲ್ ಆಟಗಾರನನ್ನು ಬಳೆಗೆ ಬಡಿದು ಮರಳುವ ಚೆಂಡನ್ನು ಹಿಡಿಯುವ ರಿಬೌಂಡಿಗೆ, ಗಕ್ಕನೆ ದಿಕ್ಕು ಬದಲಿಸಬಲ್ಲ ಕೊಕ್ಕೊ ಓಟಗಾರನನ್ನು ಚೆಂಡು ಪುಟಿಸುತ್ತ ಮುನ್ನುಗ್ಗುವ ಡ್ರಿಬ್ಲಿಂಗಿಗೆ ಹೊಂದಿಸುವುದು. ಗರಡಿಯ ಉಸ್ತಾದರು ಮೈಕಟ್ಟು ನೋಡಿ ಪಟ್ಟು ಕಲಿಸುತ್ತಿದ್ದ ಕಣ್ಣೇ ಇಲ್ಲಿಯೂ ಬೇಕಾಗುತ್ತದೆ. ಸಂಜೆಯ ಕೊನೆಯ ಬಸ್ಸು ಅಭ್ಯಾಸದ ಅವಧಿಯನ್ನು ನಿರ್ಧರಿಸುವುದರಿಂದ, ಇಡೀ ತಂಡ ಒಟ್ಟಿಗೆ ನಿಂತು ರಕ್ಷಣೆಯ ವ್ಯೂಹವನ್ನು ಕಲಿಯುವ ಹೊತ್ತು ಬಹಳ ಕಿರಿದು. ಪ್ರತಿ ಆಟಗಾರನೂ ತನ್ನ ಪಾಲಿನ ಜಾಗವನ್ನಷ್ಟೇ ಕಾಯುವ ‘ಝೋನ್’ ಪದ್ಧತಿ, ಎದುರಾಳಿಯೊಬ್ಬನನ್ನೇ ಬೆನ್ನುಹತ್ತುವ ಪದ್ಧತಿಗಿಂತ ಬೇಗ ಕಲಿಯಲು ಬರುವುದರಿಂದ ಇಂಥ ತಂಡಗಳಿಗೆ ಒಗ್ಗುತ್ತದೆ.

ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಮಾತು ಬೇರೆ. ಅಲ್ಲಿಗೆ ದೊಡ್ಡ ನಗರಗಳಿಂದ, ಹೊರ ರಾಜ್ಯಗಳಿಂದ ಬರುವವರಲ್ಲಿ ಶಾಲೆಯಲ್ಲಿಯೇ ಆಟ ಕಲಿತವರಿರುತ್ತಾರೆ, ವಸತಿ ನಿಲಯದ ಪಕ್ಕದಲ್ಲಿಯೇ ಅಂಕಣವಿದ್ದರೆ ರಾತ್ರಿಯೂ ಆಡುತ್ತಾರೆ. ಒಂದು ಕಾಲದಲ್ಲಿ ಈ ಎಲ್ಲರೂ ಒಂದೇ ವಿಶ್ವವಿದ್ಯಾಲಯದ ತಂಡಕ್ಕೆ ಸ್ಪರ್ಧಿಸುತ್ತಿದ್ದರು. ದಾವಣಗೆರೆ, ಹರಿಹರಗಳು ಚಿತ್ರದುರ್ಗ ಜಿಲ್ಲೆಯಲ್ಲಿದ್ದಾಗ ಅಲ್ಲಿನ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿಯೂ 1987ರಿಂದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿಯೂ ಇದ್ದವು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಅತ್ತ ಹೋದವು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗಿ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಹುಟ್ಟಿದಾಗ ಪದವಿ ಕಾಲೇಜುಗಳು ಅದರ ಪಾಲಿಗೆ ಬಂದವು. ಒಂದೇ ಊರಿನ ಆಟಗಾರರು ಮೂರು ವಿಶ್ವವಿದ್ಯಾಲಯಗಳ ಅಂಗಿ ತೊಡುವಂತಾದದ್ದು ಹೀಗೆ. ಹಳ್ಳಿಯಿಂದ ಬಂದ ಪದವಿ ವಿದ್ಯಾರ್ಥಿ, ನಗರದಲ್ಲಿ ಆಡಿ ಬೆಳೆದ ಎಂಜಿನಿಯರಿಂಗ್ ವಿದ್ಯಾರ್ಥಿಯ ಜೊತೆಯಲ್ಲಿ ಆಡುತ್ತ ಕಲಿಯುತ್ತಿದ್ದ ಸಂದರ್ಭವೇ ಕಡಿದುಹೋಯಿತು.

ತರಬೇತಿಯ ನಿಜವಾದ ಅವಕಾಶ ಬಹುಕಾಲದಿಂದ ಉಳಿದುಬಂದಿರುವುದು ವಿಶ್ವವಿದ್ಯಾಲಯದ ತರಬೇತಿ ಶಿಬಿರದಲ್ಲಿ. ಅಂತರ ಕಾಲೇಜು ಪಂದ್ಯಗಳಲ್ಲಿ ಗಮನ ಸೆಳೆದವರನ್ನು ಆಯ್ದು, ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುವ ಮೊದಲು ಕೆಲವು ದಿನ ಒಂದೆಡೆ ಇರಿಸಿ ಅಭ್ಯಾಸ ಮಾಡಿಸುತ್ತಾರೆ. ಹಾಗೆ ಆಡಿ ಬಂದವನನ್ನು ‘ಯೂನಿವರ್ಸಿಟಿ ಬ್ಲೂ’ ಎಂದು ಗೌರವಿಸುವ ವಾಡಿಕೆಯಿದೆ. ಆ ಕೆಲವು ದಿನಗಳ ಮಟ್ಟಿಗೆ ಒಬ್ಬ ನಿರ್ದೇಶಕರು ತರಬೇತುದಾರರಾಗಿ, ಇನ್ನೊಬ್ಬರು ವ್ಯವಸ್ಥಾಪಕರಾಗಿ ನೇಮಕಗೊಂಡು, ಇಬ್ಬರ ತರಬೇತಿ ಬಳಗವೊಂದು ಮೈತಾಳುತ್ತದೆ. ಪಂದ್ಯಾವಳಿ ಮುಗಿದೊಡನೆ ಅದು ಕರಗಿ, ಇಬ್ಬರೂ ತಮ್ಮ ತಮ್ಮ ಕಾಲೇಜಿಗೆ ಮರಳುತ್ತಾರೆ.

ಹುದ್ದೆಯ ಗೌರವ ಮಾತ್ರ ಏರುತ್ತಲೇ ಬಂದಿದೆ. ಬೋಧಕ ಎಂಬ ಹೆಸರು ನಿರ್ದೇಶಕ ಎಂದಾಯಿತು, ವಿಶ್ವವಿದ್ಯಾಲಯ ಅನುದಾನ ಆಯೋಗದ ವೇತನ ಶ್ರೇಣಿ ಇತರ ಅಧ್ಯಾಪಕರಿಗೆ ಸರಿಸಮನಾಯಿತು. ಆಯೋಗದ 2018ರ ನಿಯಮಗಳು ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಅಂತರ ಕಾಲೇಜು ಅಥವಾ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದ ದಾಖಲೆ, ರಾಷ್ಟ್ರೀಯ ಅರ್ಹತಾ ಪರೀಕ್ಷೆ ಇವುಗಳ ಜೊತೆಗೆ ದೇಹದಾರ್ಢ್ಯದ ಪರೀಕ್ಷೆಯನ್ನೂ ಕೇಳುತ್ತವೆ: 30 ವರ್ಷದೊಳಗಿನ ಪುರುಷ ಅಭ್ಯರ್ಥಿ 12 ನಿಮಿಷದಲ್ಲಿ 1800 ಮೀಟರ್ ಓಡಬೇಕು ಅಥವಾ ನಡೆಯಬೇಕು, ವಯಸ್ಸು ಏರಿದಂತೆ ದೂರ ಇಳಿಯುತ್ತದೆ. ಬಕ್ ಅವರ ಆದರ್ಶ ಈ ಓಟದ ಪರೀಕ್ಷೆಯಲ್ಲಿ ಇನ್ನೂ ಉಸಿರಾಡುತ್ತಿದ್ದು, ಪಟಿಯಾಲಾದ ಡಿಪ್ಲೊಮಾಕ್ಕೆ ಹುದ್ದೆಯ ಕನಿಷ್ಠ ಅರ್ಹತೆಯಲ್ಲಿ ಕಡ್ಡಾಯ ಸ್ಥಾನವಿಲ್ಲ.

ಹೀಗಿದ್ದರೂ ತಂಡಗಳು ತಯಾರಾಗುತ್ತಲೇ ಬಂದಿರುವುದಕ್ಕೆ ಲೆಕ್ಕಪತ್ರಗಳಲ್ಲಿ ಕಾಣಿಸದ ಒಂದು ಆಸರೆ ಕಾರಣ. ಎರಡು ವರ್ಷ ಆಡಿದ ಹುಡುಗ ಹೊಸಬನಿಗೆ ಬಳೆಯ ಹತ್ತಿರಕ್ಕೆ ಓಡಿ ಚೆಂಡು ಹಾಕುವ ‘ಲೇ-ಅಪ್’ ಕಲಿಸುತ್ತಾನೆ, ಊರಿನಲ್ಲಿಯೇ ಕೆಲಸ ಹಿಡಿದ ಹಳೆಯ ಆಟಗಾರರು ಸಂಜೆ ಬಂದು ಎದುರು ತಂಡವಾಗಿ ನಿಲ್ಲುತ್ತಾರೆ. ಗರಡಿಯ ಹಿರಿಯ ಪೈಲ್ವಾನರ ಸ್ಥಾನವನ್ನು ಕಾಲೇಜು ಯಾರಿಗೂ ಕೊಡದಿದ್ದರೂ ಆ ಕೆಲಸವನ್ನು ಇವರು ಮಾಡುತ್ತಿದ್ದಾರೆ. ವ್ಯತ್ಯಾಸವಿರುವುದು ಕಾಲಾವಧಿಯಲ್ಲಿ. ಪೈಲ್ವಾನ ಹತ್ತು ವರ್ಷ ಒಂದೇ ಗರಡಿಯಲ್ಲಿ ಇರಬಲ್ಲ, ವೈದ್ಯಕೀಯ ವಿದ್ಯಾರ್ಥಿ ಐದೂವರೆ ವರ್ಷ, ಎಂಜಿನಿಯರಿಂಗ್ ವಿದ್ಯಾರ್ಥಿ ನಾಲ್ಕು ವರ್ಷ ಒಂದೇ ಅಂಕಣದಲ್ಲಿ ಇರುತ್ತಾನೆ. ಮೂರು ವರ್ಷದ ಪದವಿಯ ಹುಡುಗನಾದರೋ ಕಲಿತದ್ದನ್ನು ಕಲಿಸಬಲ್ಲವನಾಗುವ ಹೊತ್ತಿಗೆ ಕೊನೆಯ ಪರೀಕ್ಷೆ ಬರೆದು ಊರಿಗೆ ಹೊರಟಿರುತ್ತಾನೆ. ಆಮೇಲೆ ನಿರ್ದೇಶಕರು ಹೊಸ ಪ್ರವೇಶದ ಪಟ್ಟಿಯನ್ನು ಹಿಡಿದು, ಎತ್ತರದವರನ್ನು ಕರೆದು ನಿಲ್ಲಿಸಿ, ಚೆಂಡನ್ನು ಎರಡು ಕೈಯಲ್ಲಿ ಎದೆಯ ಮಟ್ಟದಲ್ಲಿ ಹಿಡಿಯುವುದರಿಂದ ಮತ್ತೆ ಮೊದಲು ಮಾಡುತ್ತಾರೆ.